ಶನಿವಾರದ ಮೊದಲ ಪಂಕ್ತಿ

ಮೊನ್ನೆ ಮಗ-ಸೊಸೆ ಇಬ್ಬರೂ ಪುಣೆಗೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಮಧ್ಯಾಹ್ನ ಹಸಿವಾದಾಗ ಫ್ರಿಜ್ಜಿನಿಂದ ನಿನ್ನೆಯ ಅನ್ನದ ಡಬ್ಬಿ ತೆಗೆದೆ. ಅದರ ಮೇಲೇ ಮೊಸರು ಸುರಿದುಕೊಂಡೆ, ಒಂದು ಹೋಳು ಮಾವಿನಕಾಯಿ ಉಪ್ಪಿನಕಾಯಿ ಹಾಕಿಕೊಂಡೆ, ಅಡಿಗೆಮನೆಯ ಕಟ್ಟೆಗೆ ಆತುಕೊಂಡು ನಿಂತೇ ತಿನ್ನತೊಡಗಿದೆ. ತಾಟು ಕೂಡ ತೆಗೆದುಕೊಳ್ಳಲಿಲ್ಲ. ಒಂದು ತಾಟು ತೊಳೆಯುವ ಕೆಲಸ ಉಳಿಯಿತಲ್ಲ! ಅಷ್ಟರಲ್ಲಿ ಸೊಸೆಯ ಫೋನು. "ಅಮ್ಮಾ, ಊಟಕ್ಕೆ ಏನು ಮಾಡಿಕೊಂಡ್ರಿ?" ಅಂತ ಕೇಳಿದಳು. ಬಾಯಲ್ಲಿ ತುತ್ತಿತ್ತು. ಗಡಬಡಿಸಿ ನುಂಗಿ, "ಒಬ್ಬಾಕಿಗೇನು ಅಡಿಗಿ ಬಿಡವಾ" ಅಂದೆ. ಅಂದವಳಿಗೆ ಬೆನ್ನ ಮೇಲೆ ಯಾರೋ ಗುದ್ದಿದ ಹಾಗಾಯಿತು. ಯಾಕೆಂದರೆ ಈ ಮಾತು ಆಡಿದವರಿಗೆ ಗುದ್ದು ಕೊಡುವ ಹೆಂಗಸು ಒಬ್ಬಳಿದ್ದಳು, ನಮ್ಮ ಬಾಜೂಮನೆಯ ಕಲ್ಯಾಣಿಯಕ್ಕ. ನಿಜವಾಗಿ ಗುದ್ದುತ್ತಿದ್ದಳು ನೋಡ್ರಿ, ತಮಾಷೆ ಅಲ್ಲ.

ಈ ಮಾತು ನಿಮಗೂ ಹೊಸದೇನಲ್ಲ. ನಿಮ್ಮ ಅವ್ವ ಅಂದಿರುತ್ತಾಳೆ, ಅಜ್ಜಿ ಅಂದಿರುತ್ತಾಳೆ, ನೀವು ಹೆಂಗಸಾಗಿದ್ದರೆ ನೀವೂ ಅಂದಿರುತ್ತೀರಿ. ಮನೆ ತುಂಬ ಜನ ಇದ್ದಾಗ ಹತ್ತು ನಮೂನೆ ಮಾಡುವ ಕೈ, ತನ್ನೊಬ್ಬಳ ಹೊಟ್ಟೆಯ ಪ್ರಶ್ನೆ ಬಂತೆಂದರೆ ಕಡ್ಡಿ ಕೊರೆಯಲಿಕ್ಕೂ ಬೇಸರ ಮಾಡಿಕೊಳ್ಳುತ್ತದೆ. ಗಂಡಸರ ಬಾಯಲ್ಲಿ ಮಾತ್ರ ಈ ಮಾತು ನಾನು ಕೇಳಿಲ್ಲ. ನಮ್ಮ ಮನೆಯವರು, ಪುಣ್ಯಾತ್ಮ, ನಾನು ತವರಿಗೆ ಹೋದಾಗ ದಿನಕ್ಕೊಂದು ಹೋಟೆಲು ಹೊಕ್ಕು ಬರುತ್ತಿದ್ದರು. ನಾನು ತಿರುಗಿ ಬಂದಮೇಲೆ, "ನೀ ಇಲ್ಲದs ಊಟಾನs ಸೇರಲಿಲ್ಲ" ಅನ್ನುತ್ತಿದ್ದರು. ಅವರ ನಡುಪಟ್ಟಿಯ ತೂತು ಬೇರೆಯೇ ಕಥೆ ಹೇಳುತ್ತಿತ್ತು.

ನಾನು ಮದುವೆಯಾಗಿ ಧಾರವಾಡದಿಂದ ಮುಂಬಯಿಗೆ ಬಂದದ್ದು ಐವತ್ತರ ದಶಕದಲ್ಲಿ. ವರ ನೋಡಿ ಬಂದ ನಮ್ಮಪ್ಪ, "ಹುಡುಗನದು ಸಯನ್ನಿನಾಗ ಮೂರು ಮಾಳಿಗಿ ಬಿಲ್ಡಿಂಗ ಅದ" ಅಂದಿದ್ದ. ನಾನು, ಹುಚ್ಚಿ, ಮೂರೂ ಮಾಳಿಗೆ ನಮ್ಮದೇ ಅಂತ ತಿಳಿದು ಗೆಳತಿಯರೆದುರು ಜಂಬ ಕೊಚ್ಚಿ ಬಂದಿದ್ದೆ. ಬಂದು ನೋಡಿದರೆ ನಮ್ಮ ಪಾಲಿಗೆ ಎರಡನೆಯ ಮಾಳಿಗೆಯಲ್ಲಿ ಒಂದು ಖೋಲಿ, ಒಂದು ಚೋಟುದ್ದದ ಅಡಿಗೆಮನೆ. ಮುಂದೆ ಉದ್ದಕ್ಕೆ ಎಲ್ಲರಿಗೂ ಸೇರಿದ ಗ್ಯಾಲರಿ. ಗ್ಯಾಲರಿಯ ತುದಿಗೆ ಎಲ್ಲರಿಗೂ ಸೇರಿದ ನಳ. ಮೊದಲ ದಿನವೇ ನಾನು ಜೋಳದ ರೊಟ್ಟಿ ಬಡಿಯಲು ಕೂತಾಗ ಕೆಳಗಿನ ಮಾಳಿಗೆಯವರು ಕೋಲಿನಿಂದ ತಮ್ಮ ಸೂರು ಕುಟ್ಟಿದರು. ನಾನು ಅದನ್ನು ಮುಂಬಯಿಯ ಸ್ವಾಗತವೆಂದೇ ತಿಳಿದು ಇನ್ನೂ ಹುರುಪಿನಿಂದ ಬಡಿದೆ.

ಆಗ ಊರ ತುಂಬ ಕನ್ನಡ ನಾಟಕದ ಹುಚ್ಚು. ನಮ್ಮ ಆಸುಪಾಸಿನ ಕನ್ನಡದ ಗಂಡಸರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಶನಿವಾರ ಸಂಜೆ ಅಲ್ಲಿ ನಾಟಕದ ತಾಲೀಮು. ನಮ್ಮವರು ಅದರಲ್ಲಿ ಮಂತ್ರಿ. "ಅಪ್ಪಣೆ, ಪ್ರಭೂ" ಅನ್ನುವುದು ಬಿಟ್ಟರೆ ಅವರಿಗೆ ಮಾತಿರಲಿಲ್ಲ. ಆದರೂ ಆ ಎರಡು ಶಬ್ದವನ್ನು ಅವರು ಸ್ನಾನದ ಮನೆಯಲ್ಲಿ ಎಷ್ಟು ಬಗೆಯಲ್ಲಿ ಹೇಳಿ ನೋಡುತ್ತಿದ್ದರು ಅಂತೀರಿ! ಜಿನೆಯ ಮೆಟ್ಟಿಲಿನ ಆಚೆಯ ಖೋಲಿಯಲ್ಲಿದ್ದ ಲೀಲಾಳ ಗಂಡ ನಾಟಕದಲ್ಲಿ ರಾಣಿ. ಮೀಸೆ ಬೋಳಿಸಲು ಮಾತ್ರ ಒಪ್ಪಿರಲಿಲ್ಲ. ರಾಣಿಯ ವೇಷಕ್ಕೆಂದು ಶನಿವಾರ ಸಂಜೆ ಲೀಲಾಳ ಗಂಡನ ಜೊತೆಗೆ ಅವಳ ಒಳ್ಳೆಯ ಸೀರೆಯೂ ಮನೆಯಲ್ಲಿರುತ್ತಿರಲಿಲ್ಲ. ತಾಲೀಮು ಮುಗಿಸಿ ಎಲ್ಲರೂ ಮಾಟುಂಗಾದ ಹೋಟೆಲಿನಲ್ಲಿ ಹೊಟ್ಟೆ ತುಂಬ ತಿಂದು ಬರುತ್ತಿದ್ದರು. ಆ ನಾಟಕ ಕೊನೆಗೂ ರಂಗ ಹತ್ತಲಿಲ್ಲ, ಅದು ಬೇರೆ ಮಾತು. ಅದು ಹತ್ತದೇ ಇದ್ದುದರಿಂದಲೇ ತಾಲೀಮು ನಡೆಯುತ್ತಲೇ ಇತ್ತು, ತಾಲೀಮು ನಡೆದುದರಿಂದಲೇ ನಮ್ಮ ಊಟ ನಡೆಯಿತು. ಕಲೆಗೆ ನಾನು ಆ ಮಟ್ಟಿಗೆ ಋಣಿ.

ಆ ಊಟ ಶುರುವಾದದ್ದು ಒಂದು ಕಡ್ಡಿಪೆಟ್ಟಿಗೆಯಿಂದ. ಒಂದು ಶನಿವಾರ ಸಂಜೆ ದೇವರ ಮುಂದೆ ದೀಪ ಹಚ್ಚಲು ಹೋದರೆ ಪೆಟ್ಟಿಗೆ ಖಾಲಿ. ಕೇಳಿಕೊಂಡು ಕಲ್ಯಾಣಿಯಕ್ಕನ ಬಾಗಿಲಿಗೆ ಹೋದೆ. ಅವಳು ಉಡುಪಿಯ ಕಡೆಯವಳು. ಗಂಡ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ದುಡ್ಡು ಎಣಿಸಲು ಕೂಡುವವರು. ಹೋಟೆಲು ಮುಚ್ಚಿದ ಮೇಲೆಯೇ ಅವರು ಮನೆಗೆ ಬರುವುದು. ಮಕ್ಕಳಿಬ್ಬರು ಊರಲ್ಲಿ ಅಜ್ಜಿಯ ಹತ್ತಿರ ಶಾಲೆಗೆ ಹೋಗುತ್ತಿದ್ದರು. ನನ್ನನ್ನು ಕಂಡದ್ದೇ ಅವಳು ಗಡಬಡಿಸಿ ಏನನ್ನೋ ಸೆರಗಿನ ಹಿಂದೆ ಮುಚ್ಚಿಟ್ಟಳು. ನನಗೋ ಮೊದಲಿಂದಲೂ ಇಣುಕುವ ಚಾಳಿ. ಇಣುಕಿದರೆ ಬೆಳಗಿನ ತಣ್ಣನೆ ಗಂಜಿ, ಮೇಲೊಂದು ಮಿಡಿ ಉಪ್ಪಿನಕಾಯಿ.

"ಇದೇನಕ್ಕಾ, ಇಷ್ಟs ಏನು ಊಟ?" ಅಂದೆ.

"ಒಬ್ಬಳಿಗೆ ಎಂತ ಅಡುಗೆ ಮಾಡುವುದು ಮಾರಾಯ್ತಿ? ನೀನು ಎಂತ ಮಾಡಿದ್ದಿ?"

ನಾನು ಸುಳ್ಳು ಹೇಳಬೇಕೆಂದು ಬಾಯಿ ತೆಗೆದೆ, ಬರಲಿಲ್ಲ. ಮಧ್ಯಾಹ್ನದ ಒಣಗಿದ ರೊಟ್ಟಿ, ಶೇಂಗಾ ಚಟ್ನಿ. ಅಷ್ಟರಲ್ಲಿ ಲೀಲಾ ಬಂದಳು. ಅವಳ ಅಪ್ಪ-ಅವ್ವ ವಿಜಾಪುರದವರಾದರೂ ಅವಳು ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ. ಆಗಿನ್ನೂ ಹದಿನೆಂಟು ದಾಟಿರಲಿಲ್ಲ. ಕನ್ನಡ, ಮರಾಠಿ, ಹಿಂದಿ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿದ ಹಾಗೆ ಅವಳ ಮಾತು. ಕೈಯಲ್ಲಿ ಚಹದ ಕಪ್ಪು, ಅದರಲ್ಲಿ ಅದ್ದಿದ ಪಾವು. "ಅರೇ ಮಾವಶೀ, ನಂದೂ ಜೇವಣ ಇದs" ಅಂದಳು ಕಲ್ಯಾಣಿಯಕ್ಕನಿಗೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ನಕ್ಕವಳು ಲೀಲಾ. ಆಮೇಲೆ ನಿಲ್ಲಿಸಲಿಕ್ಕೇ ಆಗಲಿಲ್ಲ. ಅಂದು ಆ ಗಂಜಿ, ಆ ರೊಟ್ಟಿ, ಆ ಪಾವನ್ನು ನಡುವೆ ಇಟ್ಟುಕೊಂಡು ಕೂತು ತಿಂದೆವು. ಅಂಥ ಅಡ್ಡಾದಿಡ್ಡಿ ಊಟ ನಾನು ಜನ್ಮದಲ್ಲಿ ಉಂಡಿರಲಿಲ್ಲ, ಅಷ್ಟು ನಗುತ್ತಲೂ ಉಂಡಿರಲಿಲ್ಲ. ಏಳುವಾಗ ಕಲ್ಯಾಣಿಯಕ್ಕ ಹೇಳಿದಳು: "ಬರುವ ಶನಿವಾರ ನನ್ನಲ್ಲಿ. ಶನಿವಾರ ನಮ್ಮಲ್ಲಿ ಮೀನಿಲ್ಲ, ನಿನ್ನ ಜಾತಿ ಎಲ್ಲಿಗೂ ಹೋಗುವುದಿಲ್ಲ. ಇನ್ನು ಮೇಲೆ 'ಒಬ್ಬಳಿಗೆ ಎಂತ ಅಡುಗೆ' ಅಂದವಳ ಬೆನ್ನಿಗೆ ಒಂದು ಗುದ್ದು." ಆ ಮಾತು ಮೊದಲು ಆಡಿದವಳು ತಾನೇ ಅನ್ನುವುದು ಅವಳಿಗೆ ನೆನಪಿದ್ದಂತೆ ಕಾಣಲಿಲ್ಲ.

ಹೀಗೆ ಪಾಳಿ ಹತ್ತಿತು. ಒಂದು ಶನಿವಾರ ಒಬ್ಬರ ಮನೆ. ನನ್ನ ಪಾಳಿ ಬಂದಾಗ ನಾನು ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ, ಜುಣಕ ಎಲ್ಲ ಮಾಡಿ, ಇಬ್ಬರನ್ನೂ ಕೂಡಿಸಿ ಬಡಿಸಲು ನಿಂತೆ. ಬಡಿಸುತ್ತ ಬಡಿಸುತ್ತ ಅವರದು ಅರ್ಧ ಊಟವಾಯಿತು. "ನೀನು ಕೂತುಕೋ" ಅಂದರೆ "ಹಾಂ, ಕೂತೆ" ಅನ್ನುವುದು, ಮತ್ತೆ ತುಪ್ಪ ತರಲು ಏಳುವುದು. ನಮ್ಮ ಮನೆತನದ ಹೆಂಗಸರ ಕಾಲಿಗೆ ಕೂಡುವ ರೂಢಿಯೇ ಇರಲಿಲ್ಲ. ಮೊದಲ ಪಂಕ್ತಿ ಗಂಡಸರದು, ಎರಡನೆಯದು ಮಕ್ಕಳದು, ಕಡೆಗೆ ನಮ್ಮದು. ಅಷ್ಟೊತ್ತಿಗೆ ಹಪ್ಪಳ ಮುಗಿದಿರುತ್ತಿತ್ತು, ಪಲ್ಯದ ಪಾತ್ರೆ ಬಳಿದು ತಿನ್ನಬೇಕಾಗಿತ್ತು. ಅದರಲ್ಲೇನೋ ಕೊರತೆ ಇದೆ ಅಂತ ನನಗೆ ಯಾವತ್ತೂ ಅನ್ನಿಸಿರಲೇ ಇಲ್ಲ ನೋಡ್ರಿ. ಕಲ್ಯಾಣಿಯಕ್ಕ ಎಂಜಲು ಕೈ ತೊಳೆದು ಬಂದು ನನ್ನ ರಟ್ಟೆ ಹಿಡಿದು ಮಣೆಯ ಮೇಲೆ ಕೂಡಿಸಿದಳು. ಕೂಡಿಸಿದಳೆಂದರೆ ಕೆಡವಿದಳು ಅನ್ನಬೇಕು.

"ಇನ್ನು ಮೇಲೆ ಅಡುಗೆ ಮಾಡಿದವಳೇ ಮೊದಲು ಕೂತುಕೊಳ್ಳುವುದು. ಉಳಿದವರು ಅವಳಿಗೆ ಬಡಿಸುವುದು. ಅವಳು ನಾಲ್ಕು ತುತ್ತು ಉಂಡ ಮೇಲೆ ಉಳಿದವರು ಎಲೆ ಹಾಕಿಕೊಳ್ಳುವುದು. ಹೇಳಿ ಆಯ್ತು."

ಲೀಲಾ ಆ ಹೊತ್ತಿಗೆ ತನ್ನ ಜಡೆಯ ಮೊಗ್ಗಿನ ಮಾಲೆಯಲ್ಲಿ ಒಂದು ತುಂಡು ಹರಿದು ನನ್ನ ತುರುಬಿಗೆ ಸಿಕ್ಕಿಸಿದಳು. "ಆಜ್ ಕೀ ಪಾಟಲೀಣ ಬಾಯಿ" ಅಂದಳು, ಇವತ್ತಿನ ಗೌಡಸಾನಿ ಅಂತ. ಕಲ್ಯಾಣಿಯಕ್ಕ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿ ಮೇಲೆ ಬೆಣ್ಣೆ ಇಟ್ಟಳು. ಮದುವೆಯ ದಿನ ಬಿಟ್ಟರೆ ನನಗೆ ಯಾರೂ ಎದುರು ನಿಂತು ಬಡಿಸಿರಲಿಲ್ಲ, ಮದುವೆಯ ದಿನವೂ ಫೋಟೋದವನ ಗದ್ದಲದಲ್ಲಿ ಉಂಡದ್ದು ನೆನಪಿಲ್ಲ. ಕಣ್ಣು ತುಂಬಿ ಬಂತು. "ಮೆಣಸಿನಕಾಯಿ ಖಾರ ಆಗ್ಯದ" ಅಂದೆ. ಆ ಎಣ್ಣೆಗಾಯಿಗೆ ನಾನು ಖಾರ ಹಾಕುವುದನ್ನೇ ಮರೆತಿದ್ದೆ ಅನ್ನುವುದು ಆಮೇಲೆ ಗೊತ್ತಾಯಿತು.

ಹೀಗೆ ಮೊದಲು ಕೂಡುವುದು, ಹೂ ಮುಡಿಸುವುದು ಎರಡೂ ನಮ್ಮಲ್ಲಿ ಶಾಸ್ತ್ರವಾಗಿ ಹೋದವು. ಮಾಟುಂಗಾದ ಪೇಟೆಯಿಂದ ಮೊಗ್ಗಿನ ಮಾಲೆ ತರುವುದು ಲೀಲಾಳ ಕೆಲಸ.

ಏನೇನು ಉಂಡೆವು ಅಂತ ಹೇಳುತ್ತ ಕೂತರೆ ನಿಮಗೆ ಈಗಲೇ ಹಸಿವಾದೀತು. ಕಲ್ಯಾಣಿಯಕ್ಕ ಎಲ್ಲದಕ್ಕೂ ತೆಂಗಿನಕಾಯಿ ರುಬ್ಬುವವಳು. ಸಾರಿಗೆ ಬೆಲ್ಲ ಹಾಕಿದರೆ ನಾನು "ಇದು ಸಾರೋ ಪಾಯಸವೋ" ಅನ್ನುತ್ತಿದ್ದೆ. ನನ್ನ ರೊಟ್ಟಿಗೆ ಅವಳು "ನಿಮ್ಮ ರಟ್ಟು" ಅಂತ ಹೆಸರಿಟ್ಟಿದ್ದಳು. ಒಮ್ಮೆ ತಾನೇ ರೊಟ್ಟಿ ಬಡಿಯುತ್ತೇನೆಂದು ಕೂತು ಬಡಿದದ್ದು ಮುಂಬಯಿಯ ನಕಾಶೆಯ ಹಾಗೆ ಆಗಿ, ಲೀಲಾ ಅದರಲ್ಲಿ ಸಯನ್ ಸ್ಟೇಷನ್ ಹುಡುಕಿ ಬೆರಳಿಟ್ಟು ತೋರಿಸಿದಳು. ಲೀಲಾಳಿಗೆ ಚಹ ಬಿಟ್ಟು ಏನೂ ಮಾಡಲು ಬರುತ್ತಿರಲಿಲ್ಲ. ಅವಳ ಪಾಳಿಯಲ್ಲಿ ನಾವಿಬ್ಬರೂ ಅವಳ ಬೆನ್ನ ಹಿಂದೆ ನಿಂತು ಮಾಡಿಸಿ, ಕಡೆಗೆ "ಭಾರೀ ಮಾಡಿದ್ದಿ" ಅಂತ ಅವಳನ್ನೇ ಮೊದಲು ಕೂಡಿಸುತ್ತಿದ್ದೆವು. ಅವಳು ನಂಬಿಬಿಡುತ್ತಿದ್ದಳು.

ಊಟ ಬರೀ ನೆಪವಾಗಿತ್ತು ಅನ್ನುವುದು ನಿಮಗೆ ಹೇಳಬೇಕಾಗಿಲ್ಲ. ಆ ಊರಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಅವರಿಬ್ಬರೇ. ಉಳಿದವರಿಗೆಲ್ಲ ನಾನು ಎರಡನೆಯ ಮಾಳಿಗೆಯ ಬಾಯಿ. ಟೈಫಾಯ್ಡಿನಲ್ಲಿ ನಾನು ಮಲಗಿದಾಗ ಕಲ್ಯಾಣಿಯಕ್ಕ ನಮ್ಮವರಿಗೂ ಡಬ್ಬಿ ಕಟ್ಟಿಕೊಟ್ಟಳು. ಅವರು ಮಂತ್ರಿಯ ಗತ್ತಿನಲ್ಲೇ ಅದನ್ನು ನನ್ನ ಕೈಯಿಂದ ಇಸಿದುಕೊಂಡರು. ಡಬ್ಬಿ ಎಲ್ಲಿಂದ ಬಂತು ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ನಾನು ಬದುಕಿದ್ದು ಶನಿವಾರದ ಸಲುವಾಗಿ ಅಂದರೆ ಹೆಚ್ಚೇನಲ್ಲ.

ಅಷ್ಟರಲ್ಲಿ ಧಾರವಾಡದಿಂದ ನಮ್ಮ ಅತ್ತೆ ಬರುತ್ತಾರೆ ಅಂತ ಸುದ್ದಿ ಬಂತು. ನಾಲ್ಕು ದಿನ ಇದ್ದು ಹೋಗಲಿಕ್ಕೆ ಅಲ್ಲ, ನಮ್ಮ ಹತ್ತಿರವೇ ಇರಲಿಕ್ಕೆ.

ಅತ್ತೆಯ ವಿಚಾರ ಸ್ವಲ್ಪ ಹೇಳಬೇಕು. ನಮ್ಮವರು ತೊಟ್ಟಿಲಲ್ಲಿದ್ದಾಗಲೇ ಮಾವನವರು ತೀರಿಕೊಂಡಿದ್ದರು. ಅಂದಿನ ಪದ್ಧತಿಯಂತೆ ಅತ್ತೆಯ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಅಂದಿನಿಂದ ಮಧ್ಯಾಹ್ನ ಒಂದೇ ಊಟ, ಸಂಜೆ ಅವಲಕ್ಕಿಯೋ ಅರಳೋ, ಇಷ್ಟೇ ಫಲಾಹಾರ. ಒಣಗಿಸಿದ ಮಡಿ ಸೀರೆಯ ನೆರಳನ್ನೂ ಯಾರೂ ತುಳಿಯಬಾರದು. ತನ್ನ ಅಡಿಗೆ ತಾನೇ ಮಾಡಿಕೊಂಡು, ಮನೆಯವರೆಲ್ಲರ ಊಟವಾದಮೇಲೆ, ಗೋಡೆಯ ಕಡೆ ಮುಖ ಮಾಡಿ ಉಣ್ಣುವ ಹೆಂಗಸು. ಅಂಥವರ ಮನೆಗೆ ಮೀನು ತಿನ್ನುವ ಮನೆಯ ಕಲ್ಯಾಣಿಯಕ್ಕ ಬಂದು ಕೂತು ಉಣ್ಣುವುದೆಂದರೇನು? ನಾನು ಅವಳ ಮನೆಗೆ ಹೋಗಿ ಉಣ್ಣುವುದೆಂದರೇನು? ಶನಿವಾರ ಮುಗಿಯಿತು ಅಂತಲೇ ಲೆಕ್ಕ. ನಾನು ಒಲೆಯ ಮುಂದೆ ಕೂತು ಅತ್ತೆ. ಅತ್ತೆ ಬರುವ ಮೊದಲೇ ಅತ್ತು ಮುಗಿಸಿಬಿಡೋಣ ಅಂತ.

"ಬೇಡ ಮಾರಾಯ್ತಿ, ನೀನು ಹೆದರಬೇಡ. ಹಿರಿಯರು ಇರುವಾಗ ನಾವು ಬರುವುದಿಲ್ಲ" ಅಂದಳು ಕಲ್ಯಾಣಿಯಕ್ಕ. ಅಂದು ಮುಖ ಆಚೆ ತಿರುಗಿಸಿಕೊಂಡಳು. ಅದೇ ನನಗೆ ಹೆಚ್ಚು ನೋವಾಯಿತು.

ಅತ್ತೆ ಬಂದರು. ನಳಕ್ಕೆ ನೀರು ಬರುವ ಮೊದಲೇ ತಾಮ್ರದ ಕೊಡ ಹಿಡಿದು ನಿಲ್ಲುತ್ತಿದ್ದರು. ಇಡೀ ಗ್ಯಾಲರಿ ಅವರಿಗೆ ದಾರಿ ಬಿಟ್ಟು ಗೋಡೆಗೆ ಅಂಟಿಕೊಳ್ಳುತ್ತಿತ್ತು. ಮೀನು ಮಾರುವ ಕೋಳಿಣಿ ಒಂದು ದಿನ ಬಾಗಿಲು ತಪ್ಪಿ ನಮ್ಮ ಹೊಸ್ತಿಲಲ್ಲೇ ಬುಟ್ಟಿ ಇಳಿಸಿಬಿಟ್ಟಳು. ಅತ್ತೆ ಮೂಗಿಗೆ ಸೆರಗು ಒತ್ತಿ ಹಿಡಿದು, "ಹರಿ ಹರಿ" ಅನ್ನುತ್ತ ಅಡಿಗೆಮನೆಯ ತನಕ ಹಿಂದೆ ಸರಿದರು. ಅಂದು ಎರಡು ಸಲ ಸ್ನಾನವಾಯಿತು, ನಳದ ನೀರು ಯಾರಿಗೂ ಸಾಲಲಿಲ್ಲ.

ಶನಿವಾರ ಸಂಜೆ ಮಾತ್ರ ಗೋಡೆಯ ಆಚೆಯಿಂದ ನಗು ಕೇಳಿಸುತ್ತಿತ್ತು. ಕಲ್ಯಾಣಿಯಕ್ಕನೂ ಲೀಲಾಳೂ ಇಬ್ಬರೇ ಪಾಳಿ ನಡೆಸಿದ್ದರು. ನಾನು ಈಚೆ ಕೂತು ಒಣ ರೊಟ್ಟಿ ಮುರಿಯುತ್ತಿದ್ದೆ. ಅತ್ತೆ ಅವಲಕ್ಕಿಯ ಬಟ್ಟಲು ಹಿಡಿದು ಕೇಳಿದರು:

"ಏನs ಸುಶೀಲಾ, ಆ ಬಾಜೂಮನಿಯೊಳಗ ಏನದು ನಗಿ?"

"ಊಟಾ ಮಾಡ್ಲಿಕ್ಕತ್ತಾರ, ಅತ್ಯಾ."

"ಊಟಾ ಮಾಡೋದಕ್ಕ ಇಷ್ಟು ನಗಿ ಬರತದೇನು?"

ಮುಂದಿನ ಶನಿವಾರ ಮತ್ತೆ ಕೇಳಿದರು. "ಇವತ್ತೇನು ಮಾಡ್ಯಾರಂತ?" ಅದರ ಮುಂದಿನ ವಾರ ಅವರೇ ಗೋಡೆಯ ಹತ್ತಿರ ಮಣೆ ಸರಿಸಿಕೊಂಡು ಕೂತಿದ್ದರು. ಕಿವಿ ಮಂದ ಅಂತ ಮಗನ ಮುಂದೆ ದಿನಾ ಹೇಳುವವರಿಗೆ ಶನಿವಾರ ಎಲ್ಲವೂ ಕೇಳಿಸುತ್ತಿತ್ತು. "ಆ ದೊಡ್ಡಾಕಿ ಭಾಳ ಚಾಷ್ಟಿ ಮಾಡತಾಳ" ಅಂದು ತಾವೇ ಬಾಯಿಗೆ ಸೆರಗು ಇಟ್ಟುಕೊಂಡರು. ನನಗೆ ಧೈರ್ಯ ಬಂತು. ಕಡ್ಡಿಪೆಟ್ಟಿಗೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಡಿಗೆ ಮಾಡಿದವಳೇ ಮೊದಲು ಕೂಡಬೇಕು, ಉಳಿದವರು ಬಡಿಸಬೇಕು ಅನ್ನುವ ನಮ್ಮ ಕಾಯಿದೆಯನ್ನೂ ಹೇಳಿದೆ. ನಾನು ಯಾರ ಮನೆಯಲ್ಲಿ ಉಂಡೆನೋ ಅದನ್ನು ಮಾತ್ರ ಬಾಯೊಳಗೇ ಸ್ವಲ್ಪ ತೇಲಿಸಿದೆ.

ಅತ್ತೆ ಬಟ್ಟಲಿನ ತಳದ ಅವಲಕ್ಕಿಯನ್ನು ಒಂದೊಂದೇ ಆರಿಸಿ ತಿಂದರು. ಆಮೇಲೆ, "ಇದನ್ನ ಯಾರು ಹೇಳಿಕೊಟ್ರು ನಿಮಗ?" ಅಂದರು.

"ಯಾರೂ ಇಲ್ಲ ಅತ್ಯಾ. ನಾವs ಮಾಡಿಕೊಂಡದ್ದು."

"ಹೂಂ" ಅಂದು ಬಟ್ಟಲು ತೊಳೆಯಲು ಎದ್ದರು.

ಈ "ಹೂಂ" ಅನ್ನು ನಾನು ಕಲ್ಯಾಣಿಯಕ್ಕನಿಗೆ ಹಾಗೆಯೇ ಮುಟ್ಟಿಸಿದೆ. ಅವಳು ಅದನ್ನು ಎರಡು ದಿನ ಅಗಿದಳು. ಶುಕ್ರವಾರ ಬಂದು ನಮ್ಮ ಹೊಸ್ತಿಲಿನಿಂದ ಮಾರು ದೂರ ನಿಂತು, ಸೆರಗು ಹೊದ್ದು, ಕೇಳಿಯೇ ಬಿಟ್ಟಳು.

"ಅಮ್ಮಾ, ನಾಳೆ ಸಂಜೆ ನಾವು ನಿಮ್ಮಲ್ಲಿ ಫಲಾಹಾರಕ್ಕೆ ಬರುವುದಾ? ಬೇಯಿಸಿದ್ದು ಎಂತದೂ ಬೇಡ. ಅವಲಕ್ಕಿ ನೀವೇ ಕಲಸಿ ಕೊಡಿ, ನಾವು ದೂರ ಕೂತು ತಿಂತೇವೆ."

ನನ್ನ ಜೀವ ಬಾಯಿಗೆ ಬಂತು. ಅತ್ತೆ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ಬರ್ರಿ. ಅವಲಕ್ಕಿಗೆ ಕಾಯಿ ಹಾಕಲ್ಯೋ ಬ್ಯಾಡೋ?"

"ಕಾಯಿ ಹಾಕದೆ ಉಂಟಾ ಅಮ್ಮಾ!" ಅಂದಳು ಕಲ್ಯಾಣಿಯಕ್ಕ.

ಶನಿವಾರ ಅತ್ತೆ ಒಂದು ದೊಡ್ಡ ಪರಾತ ತುಂಬ ಅವಲಕ್ಕಿ ಕಲಸಿದರು. ಒಗ್ಗರಣೆಯ ಘಮ ಕೆಳಗಿನ ಮಾಳಿಗೆಗೂ ಹೋಗಿರಬೇಕು, ಅಂದು ಅವರು ಸೂರು ಕುಟ್ಟಲಿಲ್ಲ. ಎಲ್ಲರೂ ಬಂದು ದೂರ ದೂರ ಕೂತೆವು. ಅತ್ತೆ ನಡುವೆ ಮಣೆಯ ಮೇಲೆ. ಮಾಡಿದವರು ಅವರು, ಮೊದಲು ಕೂತವರೂ ಅವರೇ. ತಮ್ಮ ಪಾಲನ್ನು ಮಾತ್ರ ತಾವೇ ಬಡಿಸಿಕೊಂಡಿದ್ದರು. ಆಗ ಆಯಿತು ನೋಡ್ರಿ ಅನಾಹುತ.

ಲೀಲಾ ಎದ್ದಳು. ಮೊದಲು ಕೂತವರಿಗೆ ಹೂ ಮುಡಿಸುವುದು ಅವಳ ಕೆಲಸ. ಅದು ಅವಳ ಕೈಗೆ ರೂಢಿಯಾಗಿ ಹೋಗಿತ್ತು. ನಾನು ನೋಡುನೋಡುತ್ತಿದ್ದಂತೆ ಮೊಗ್ಗಿನ ಮಾಲೆ ಹಿಡಿದು ಹೋಗಿ ಅತ್ತೆಯ ಹಿಂದೆ ನಿಂತು, ಕೆಂಪು ಸೆರಗಿನ ಕಡೆಗೆ ಕೈ ಚಾಚಿಬಿಟ್ಟಳು. ಚಾಚಿದ ಕೈ ಅಲ್ಲೇ ನಿಂತಿತು. ಆಗ ಅವಳಿಗೆ ತಿಳಿಯಿತು. ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಕಲ್ಯಾಣಿಯಕ್ಕ ಕಣ್ಣು ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಲಿ ಅಂತ ನಾನು ಕಾದೆ. ಎರಡನೆಯ ಮಾಳಿಗೆಯಲ್ಲಿ ಅದಕ್ಕೂ ಅನುಕೂಲವಿರಲಿಲ್ಲ.

ಅತ್ತೆ ಕತ್ತು ತಿರುಗಿಸಿ ಮಾಲೆಯನ್ನು ನೋಡಿದರು, ಅವಳನ್ನು ನೋಡಿದರು.

"ಮುಡಸಲಿಕ್ಕೆ ಕೂದಲರ ಬೇಕಲ್ಲs ಹುಡುಗಿ!" ಅಂದರು. ಅಂದು ನಕ್ಕುಬಿಟ್ಟರು.

ಅತ್ತೆ ಹಾಗೆ ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಲೀಲಾ ಅಳುತ್ತಿದ್ದಳು. ಅತ್ತೆಯ ನಗು ಕಂಡು ಅಳುತ್ತಲೇ ನಗಲು ಶುರು ಮಾಡಿದಳು. ಕಲ್ಯಾಣಿಯಕ್ಕನಂತೂ ಒಂದು ಕಣ್ಣು ತೆಗೆದು, ಅಪಾಯವಿಲ್ಲ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಇನ್ನೊಂದು ತೆಗೆದಳು. ಅತ್ತೆ ಅಂಗೈ ಚಾಚಿದರು. "ಇಲ್ಲೆ ಹಾಕು" ಅಂದರು. ಲೀಲಾ ಮೇಲಿನಿಂದ ಬಿಟ್ಟಳು. ಅವರು ಮಾಲೆಯನ್ನು ಮೂಗಿನ ಹತ್ತಿರ ಹಿಡಿದು ದೀರ್ಘವಾಗಿ ಉಸಿರೆಳೆದುಕೊಂಡು, ಅವಲಕ್ಕಿಯ ಬಟ್ಟಲಿನ ಪಕ್ಕದಲ್ಲಿ ಇಟ್ಟುಕೊಂಡರು. ಅಂದು ಅವರು ಎರಡು ಸಲ ಅವಲಕ್ಕಿ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ನಾನು ಗ್ಯಾಲರಿಯಲ್ಲಿ ಬಟ್ಟೆ ಹಿಂಡುತ್ತಿದ್ದೆ. "ಅತ್ಯಾ, ಆ ಹುಡುಗಿ ಸಣ್ಣಾಕಿ, ಬೇಕಂತ ಮಾಡಿಲ್ಲ. ಮರತಾಳ" ಅಂದೆ.

"ಅದನ್ನs ನಾ ರಾತ್ರಿಯಿಂದ ವಿಚಾರ ಮಾಡ್ಲಿಕ್ಕತ್ತೇನಿ" ಅಂದರು ಅತ್ತೆ. "ಇಷ್ಟು ವರ್ಷದಾಗ ನನ್ನ ಕಂಡವರು ಯಾರೂ ಒಂದು ಗಳಿಗಿನೂ ಮರತಿಲ್ಲ. ನನ್ನ ಹಡದಾಕಿನೂ ಮರೀಲಿಲ್ಲ. ಈ ಹುಡುಗಿ ಮರತಳು ನೋಡು."

ಹಿಂಡುತ್ತಿದ್ದ ಸೀರೆ ಕೈಯಲ್ಲೇ ಉಳಿಯಿತು. ನನಗೆ ಅಳು ಬಂತು, ಆ ಹುಡುಗಿಯನ್ನು ಓಡಿಹೋಗಿ ಅಪ್ಪಿಕೊಳ್ಳಬೇಕು ಅನ್ನಿಸಿತು. ಅತ್ತೆ ಮಾತ್ರ ಸಹಜವಾಗಿ ಹಗ್ಗದ ಮೇಲೆ ತಮ್ಮ ಮಡಿ ಸೀರೆ ಬಿಡಿಸುತ್ತ ಕೇಳಿದರು:

"ಮುಂದಿನ ಪಾಳಿ ಯಾರದು?"

"ಕಲ್ಯಾಣಿಯಕ್ಕಂದು."

"ಆಕಿಗೆ ಹೇಳು, ನಂದs ಮತ್ತೊಮ್ಮೆ ಅಂತ. ಅವಲಕ್ಕಿ ಏನು ಅಡಿಗೀನs? ನಾ ಖರೇ ಅಡಿಗಿ ಮಾಡತೇನಿ. ಸಂಜೀಗೆ ನಾ ಉಣ್ಣಂಗಿಲ್ಲ, ಮಧ್ಯಾಹ್ನ ಬರ್ರಿ."

ಸಂತೋಷವೋ ಸಂತೋಷ! ಆದರೆ ಸಂತೋಷದ ಬೆನ್ನಿಗೇ ಒಂದು ದಿಗಿಲು. ಅಡಿಗೆಯೇನೋ ಅತ್ತೆ ಮಡಿಯಲ್ಲಿ ಮಾಡಿ ಎಲ್ಲರಿಗೂ ಹಾಕಬಹುದು, ಅದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ. ಆದರೆ ಮಾಡಿದವಳಿಗೆ ಉಳಿದವರು ಬಡಿಸಬೇಕಲ್ಲ! ಬೇರೆಯವರ ಕೈ ಮುಟ್ಟಿದ ಅನ್ನ ಅತ್ತೆಯ ಎಲೆಗೆ ಬೀಳುವುದುಂಟೇ? ಬಡಿಸಬೇಡ ಅಂದರೆ ಕಲ್ಯಾಣಿಯಕ್ಕನ ಮುಖ ಮತ್ತೆ ಆಚೆ ತಿರುಗುತ್ತದೆ. ಈ ಸಲ ತಿರುಗಿದ್ದು ತಿರುಗಿ ಬರಲಾರದು ಅನ್ನುವ ಭಯ ನನಗೆ.

"ಅತ್ಯಾ, ನಾನs ಸ್ನಾನ ಮಾಡಿ ಮಡಿ ಉಟ್ಟುಕೊಂಡು ನಿಮಗ ಬಡಸ್ತೀನಿ. ನಡೀತದಲ್ಲ?" ಅಂತ ಕೇಳಿದೆ.

"ನೋಡೋಣಂತ" ಅಂದರು.

ಶನಿವಾರ ಬಂತು. ಅತ್ತೆ ನಸುಕಿನಿಂದಲೇ ಒಲೆಯ ಮುಂದೆ. ಹೋಳಿಗೆ, ಕಟ್ಟಿನ ಸಾರು, ಕೋಸಂಬರಿ, ಚಿತ್ರಾನ್ನ, ಎರಡು ಪಲ್ಯ, ಹಪ್ಪಳ, ಸಂಡಿಗೆ. "ಸಾಕು ಅತ್ಯಾ" ಅಂದರೆ "ನಿಂಗೇನು ತಿಳೀತದ" ಅನ್ನುತ್ತಿದ್ದರು. ಎಷ್ಟೋ ವರ್ಷಗಳಿಂದ ಕೈಯಲ್ಲಿ ಕೂಡಿಬಿದ್ದದ್ದನ್ನೆಲ್ಲ ಅಂದೇ ಮಾಡಿ ಹಾಕುವಂತಿತ್ತು. ನಮ್ಮವರ ಆಫೀಸಿಗೆ ಶನಿವಾರ ಅರ್ಧ ದಿವಸ. ಅವರು ಬರುವುದರೊಳಗೆ ಮುಗಿಸಬೇಕು ಅಂತ ನನ್ನ ಎಣಿಕೆ. ಎಲೆ ಹಾಕುವಷ್ಟರಲ್ಲೇ ಹೊತ್ತು ಮೀರಿತ್ತು.

ನಾನು ಒದ್ದೆ ಮಡಿ ಉಟ್ಟು ನಡುಗುತ್ತ ಸೌಟು ಹಿಡಿದು ನಿಂತೆ. ಕಲ್ಯಾಣಿಯಕ್ಕ, ಲೀಲಾ ಇಬ್ಬರೂ ಬಾಗಿಲ ಹತ್ತಿರದ ಗೋಡೆಗೆ ಒರಗಿ ನಿಂತಿದ್ದರು. ಅತ್ತೆ ಬಂದು ಮಣೆಯ ಮೇಲೆ ಕೂತರು. ಗೋಡೆಯ ಕಡೆಗೆ ಅಲ್ಲ, ನಮ್ಮ ಕಡೆಗೆ ಮುಖ ಮಾಡಿ. ನಾನು ಬಗ್ಗಿ ಉಪ್ಪು ಬಡಿಸಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ನೀ ಮನಿಯಾಕಿ. ಸರಿ ಆಚೆ. ಕಲ್ಯಾಣೀ, ನೀ ಬಾ. ಬಡಸು."

ಕಲ್ಯಾಣಿಯಕ್ಕ ಅಲ್ಲಿಂದ ಅಲುಗಲಿಲ್ಲ. "ನಾನಾ? ಬೇಡ ಅಮ್ಮಾ. ನಿನ್ನೆ ನಮ್ಮಲ್ಲಿ ಬಂಗುಡೆ..." ಅಂದಳು.

"ನಿನ್ನಿದು ನಿನ್ನಿಗೆ ಆತು. ಇವತ್ತು ಶನಿವಾರ ಅಲ್ಲೇನು? ಕೈ ತೊಳಕೊಂಡು ಬಾ."

ಅವಳು ಮೊಳಕೈ ತನಕ ತೊಳೆದಳು, ಮತ್ತೊಮ್ಮೆ ತೊಳೆದಳು. ಉಪ್ಪು ಬಡಿಸಿದಳು, ಕೋಸಂಬರಿ ಬಡಿಸಿದಳು. ಪಲ್ಯ ಎಲೆಯ ಅಂಚಿಗೆ ಬಿತ್ತು. ಅನ್ನ ಹಾಕಿದಳು, ಹಬೆ ಏಳುತ್ತಿತ್ತು. ಸಾರಿನ ಸೌಟು ತುಂಬಿ ಬಗ್ಗಿದಳು.

ಆಗಲೇ ಬಾಗಿಲಲ್ಲಿ ಚಪ್ಪಲಿ ಸಪ್ಪಳ. ನಮ್ಮವರು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಅವ್ವ ಮೊದಲ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತದ್ದನ್ನು ನೋಡಿದರು. ಸೌಟು ಹಿಡಿದ ಕೈ ಯಾರದು ಅನ್ನುವುದನ್ನೂ ನೋಡಿದರು. "ಅವ್ವಾ..." ಅಂದರು. ಕಲ್ಯಾಣಿಯಕ್ಕನ ಸೌಟು ಎಲೆಯ ಮೇಲೆ ಹಾಗೇ ನಿಂತಿತು. ಇನ್ನೊಂದು ಮಾತು ಬಂದರೆ ಅವಳು ಸೌಟು ಕೆಳಗಿಟ್ಟು ಹೋಗಿಬಿಡುತ್ತಾಳೆ, ಇನ್ನೆಂದೂ ನಮ್ಮ ಹೊಸ್ತಿಲು ದಾಟುವುದಿಲ್ಲ ಅಂತ ನನಗೆ ಗೊತ್ತಿತ್ತು.

ಅತ್ತೆ ತಲೆಯೆತ್ತಿ ಮಗನನ್ನು ನೋಡಿದರು.

"ಬಂದ್ಯಾ? ಹೊರಗ ಗ್ಯಾಲರಿಯೊಳಗ ಕೂಡು. ಹೆಂಗಸರದು ಆಗಲಿ, ಆಮ್ಯಾಲೆ ನಿಂದು."

ಮಂತ್ರಿಗಳು "ಅಪ್ಪಣೆ" ಅನ್ನಲೂ ಮರೆತು ಆ ಕಾಲನ್ನೂ ಹೊರಗೆ ತೆಗೆದುಕೊಂಡರು. ಅತ್ತೆ ಅನ್ನದ ನಡುವೆ ಬೆರಳಿನಿಂದ ಗುಣಿ ಮಾಡಿ, ಕಲ್ಯಾಣಿಯಕ್ಕನ ಕಡೆ ತಿರುಗಿದರು.

"ಯಾಕ, ಕೈ ಯಾಕ ನಿಂತ್ತು? ಹಾಕವಾ ಸಾರು. ಅನ್ನ ಆರಲಿಕ್ಕತ್ತದ."